ಗೋಡೆಯ ಬುಡದಲ್ಲಿ ಒಂದೂವರೆ ಅಡಿ ಮಣ್ಣು ಬಿಡಿಸಿ: ಚಿಕ್ಕಮಗಳೂರು ನಗರಸಭೆಗೆ ಒಂದು ಬಹಿರಂಗ ಪತ್ರ

ಚಿಕ್ಕಮಗಳೂರು ನಗರಸಭೆಯ ಅಧ್ಯಕ್ಷರು, ಸದಸ್ಯರು, ಪೌರಾಯುಕ್ತರು ಹಾಗೂ ನಗರಾಭಿವೃದ್ಧಿ ಪ್ರಾಧಿಕಾರದ ಎಲ್ಲರಿಗೂ ನಮಸ್ಕಾರ.

ನಾನು ಈ ಊರಿನಲ್ಲಿ ಮೂವತ್ತೊಂದು ವರ್ಷ ಕಟ್ಟಡ ಗುತ್ತಿಗೆ ಮಾಡಿದವನು. ಈಗ ಬಿಟ್ಟಿದ್ದೇನೆ. ಪ್ಲಾನು, ಲೈಸೆನ್ಸು, ಖಾತೆ ಅಂತ ನಿಮ್ಮ ಕಚೇರಿ ಮೆಟ್ಟಿಲನ್ನು ಎಷ್ಟು ಸಲ ಹತ್ತಿ ಇಳಿದಿದ್ದೇನೋ ಲೆಕ್ಕವಿಲ್ಲ. ಈ ಸಲ ಕೈಯಲ್ಲಿ ಫೈಲು ಇಲ್ಲ. ಒಂದು ಕೋರಿಕೆ ಇದೆ.

ಇನ್ನು ಮುಂದೆ ಹೊಸ ಕಟ್ಟಡಕ್ಕೆ ಲೈಸೆನ್ಸ್ ಕೊಡುವಾಗ ಒಂದು ಷರತ್ತು ಸೇರಿಸಿ. ಕನಿಷ್ಠ ಒಂದು ಬದಿಯ ಗೋಡೆಯ ಉದ್ದಕ್ಕೂ ಒಂದೂವರೆ ಅಡಿ ಅಗಲದ ಮಣ್ಣನ್ನು ಸಿಮೆಂಟ್ ಹಾಕದೆ, ಇಂಟರ್‌ಲಾಕ್ ಹಾಸದೆ, ಹಾಗೇ ಬಿಡಬೇಕು. ಬಿಟ್ಟ ಮಣ್ಣಿನಿಂದ ಒಂದು ಬಳ್ಳಿ ಗೋಡೆಯ ಮೇಲೆ ಹೋಗಬೇಕು. ಇಷ್ಟೇ. ಇಷ್ಟು ಹೇಳಲು ಇಷ್ಟುದ್ದ ಪತ್ರ ಯಾಕೆ ಅಂತ ಕೇಳುತ್ತೀರಿ. ಸ್ವಲ್ಪ ತಾಳ್ಮೆಯಿಂದ ಓದಿ. ಮೊದಲು ನನ್ನ ತಪ್ಪು ಒಪ್ಪಿಕೊಳ್ಳಬೇಕು.

ನಮ್ಮ ಕಸುಬಿನಲ್ಲಿ 'ಎಲಿವೇಷನ್' ಅಂತ ಒಂದು ಮಾತಿದೆ. ಕಟ್ಟಡದ ಮುಖ. ಮಾಲೀಕರು ಒಳಗಿನ ಅಡುಗೆಮನೆ ಎಷ್ಟಿದೆ ಅಂತ ಕೇಳುವ ಮೊದಲು ಎಲಿವೇಷನ್ ಹೇಗಿರುತ್ತೆ ಅಂತ ಕೇಳುತ್ತಾರೆ. ಹಿಂದೆ ಸಜ್ಜ, ಜಾಲಂಧ್ರ, ಸ್ವಲ್ಪ ಗಾರೆ ಕೆಲಸ ಇರುತ್ತಿತ್ತು. ಆಮೇಲೆ ಟೈಲ್ಸ್ ಬಂತು. ಆಮೇಲೆ ಎಸಿಪಿ ಶೀಟು, ಅಂದರೆ ಗೋಡೆಯ ಮೇಲೆ ಹೊದಿಸುವ ತೆಳು ಅಲ್ಯೂಮಿನಿಯಂ ಹಲಗೆ, ಮತ್ತೆ ಕನ್ನಡಿಯಂಥ ಗಾಜು. ಐ.ಜಿ. ರಸ್ತೆಯಲ್ಲಿ ನಿಂತು ಎರಡೂ ಬದಿ ತಲೆ ಎತ್ತಿ ನೋಡಿ. ನಾನು ಹೇಳುವುದು ಗೊತ್ತಾಗುತ್ತದೆ. ನಾನೂ ಅಂಥದ್ದೇ ಕಟ್ಟಿದೆ. ಮೊನ್ನೆ ಮೊನ್ನೆವರೆಗೂ ಅದರ ಫೋಟೊ ನನ್ನ ಮೊಬೈಲಿನ ಸ್ಟೇಟಸ್ಸಿನಲ್ಲಿ ಇತ್ತು.

ಸೆಟ್‌ಬ್ಯಾಕ್ ಅಂತ ನಿಮ್ಮ ನಿಯಮದಲ್ಲಿ ಕಟ್ಟಡದ ಸುತ್ತ ಜಾಗ ಬಿಡಿಸುತ್ತೀರಿ. ಗಾಳಿ ಬೆಳಕಿಗೆ ಅಂತ. ನಾವು ಆ ಜಾಗವನ್ನು ಬಿಡುತ್ತೇವೆ, ನಿಜ. ಆದರೆ ಕಂಪ್ಲೀಷನ್ ಆದ ವಾರವೇ ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಸುರಿಯುತ್ತೇವೆ. ಕೆಸರಾಗಬಾರದು, ಹುಲ್ಲು ಹುಟ್ಟಬಾರದು, ಬೈಕ್ ನಿಲ್ಲಿಸಬೇಕು. ಲೆಕ್ಕ ಹಾಕಿದರೆ ನಾನೊಬ್ಬನೇ ಈ ಊರಿನಲ್ಲಿ ಕೆಲವು ಎಕರೆ ಮಣ್ಣು ಮುಚ್ಚಿರಬೇಕು. ತೋಟ ಇಲ್ಲದವನು ಎಕರೆ ಲೆಕ್ಕದಲ್ಲಿ ಮಾತಾಡುವ ಭಾಗ್ಯ ಹೀಗೆ ಸಿಕ್ಕಿತು ನೋಡಿ.

ನಾನು ಕಟ್ಟಿದ ಒಂದು ವಾಣಿಜ್ಯ ಸಂಕೀರ್ಣಕ್ಕೆ ಮೂರು ಮಹಡಿ ಗಾಜು ಹಾಕಿದ್ದೆ. ಎದುರಿಗೆ ಒಂದು ಹಳೇ ಮಾವಿನಮರ. ಗಾಜಿನಲ್ಲಿ ಮರದ ಬಿಂಬ ಬಹಳ ಚೆನ್ನಾಗಿ ಕಾಣುತ್ತೆ ಅಂತ ಮಾಲೀಕರಿಗೆ ನಾನೇ ತೋರಿಸಿದ್ದೆ. ಒಂದು ಅಕ್ಟೋಬರ್ ಬೆಳಿಗ್ಗೆ ಅಲ್ಲಿನ ವಾಚ್‌ಮನ್ ಫೋನ್ ಮಾಡಿ ಕರೆದರು. ಮೆಟ್ಟಿಲ ಮೇಲೆ ಒಂದು ಹಕ್ಕಿ ಸತ್ತು ಬಿದ್ದಿತ್ತು. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಹೊಟ್ಟೆಯಡಿ ಕೆಂಪು. ನವರಂಗ. ಉತ್ತರದಿಂದ, ಹಿಮಾಲಯದ ಬುಡದ ಕಾಡುಗಳಿಂದ, ರಾತ್ರಿಯಲ್ಲಿ ಹಾರಿಕೊಂಡು ಚಳಿಗಾಲ ಕಳೆಯಲು ನಮ್ಮ ಕಡೆ ಬರುವ ಹಕ್ಕಿ. ಅಷ್ಟು ದೂರ ಬಂದು ನನ್ನ ಎಲಿವೇಷನ್‌ಗೆ ಡಿಕ್ಕಿ ಹೊಡೆದು ಸತ್ತಿತ್ತು. ಗಾಜಿನಲ್ಲಿ ಕಂಡ ಮಾವಿನಮರವನ್ನು ಅದು ನಿಜವೆಂದು ನಂಬಿತ್ತು, ಅಷ್ಟೆ. ಆ ದಿನ ವಾಚ್‌ಮನ್‌ಗೆ ಗುಂಡಿ ತೋಡಲು ಹೇಳಿ ಕೆಲಸಕ್ಕೆ ಹೋದೆ. ಗುಂಡಿ ತೋಡಲು ಆವರಣದಲ್ಲಿ ಮಣ್ಣೇ ಇರಲಿಲ್ಲ ಅಂತ ಅವರು ಸಂಜೆ ಹೇಳಿದರು.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಬಂದದ್ದು ಸ್ವೀಡನ್ನಿನಲ್ಲಿ.

ಆರೇಳು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ಮನೆಯವರು ಮಾಲ್ಮೋ ಎಂಬ ಊರಿಗೆ ಹೊರಟರು. ಜೊತೆಗೆ ನಾನು. ಅಲ್ಲಿ ನನಗೆ ಏನೂ ಕೆಲಸವಿರಲಿಲ್ಲ. ಫೆಬ್ರವರಿ ತಿಂಗಳು, ಹೊರಗೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ. ನಮ್ಮೂರಿನ ಜನವರಿ ಬೆಳಗನ್ನು ಚಳಿ ಅಂತ ಕರೆಯುವುದು ತಮಾಷೆ ಅನ್ನಿಸಿತು. ಮಗು ಮಲಗಿದಾಗ ಮನೆಯಲ್ಲಿ ಸದ್ದು ಮಾಡಬಾರದು. ಹಾಗಾಗಿ ಎರಡು ಸ್ವೆಟರ್ ಹಾಕಿ ಬೀದಿ ಸುತ್ತುವುದು. ಗುತ್ತಿಗೆದಾರ ಬೀದಿ ಸುತ್ತಿದರೆ ಏನು ನೋಡುತ್ತಾನೆ? ಗೋಡೆ ನೋಡುತ್ತಾನೆ.

ಮೂರನೇ ದಿನವೋ ನಾಲ್ಕನೇ ದಿನವೋ, ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತಿತ್ತು. ಒಂದು ಹಳೇ ಇಟ್ಟಿಗೆ ಕಟ್ಟಡದ ಗೋಡೆ ಮಾತಾಡುತ್ತಿರುವ ಹಾಗೆ ಸದ್ದು. ಹತ್ತಿರ ಹೋದೆ. ಗೋಡೆಗೆ ಎರಡು ಮಹಡಿಯವರೆಗೆ ಕಡುಹಸಿರು ಐವಿ ಬಳ್ಳಿ ಹಬ್ಬಿತ್ತು. ಒಳಗೆ ಗುಬ್ಬಚ್ಚಿಗಳು. ಒಂದೆರಡಲ್ಲ, ಐವತ್ತು ಅರವತ್ತು ಇರಬೇಕು. ರಾತ್ರಿ ಕಳೆಯಲು ಜಾಗಕ್ಕೆ ಜಗಳ ಮಾಡುತ್ತಿದ್ದವು. ನಮ್ಮದೇ ಗುಬ್ಬಚ್ಚಿ ಸ್ವಾಮಿ! ಬೇರೆ ಜಾತಿಯೂ ಅಲ್ಲ. ನಮ್ಮ ತಂದೆಯವರ ಹೆಂಚಿನ ಮನೆಯಲ್ಲಿ ದೇವರ ಪಟದ ಹಿಂದೆ ಗೂಡು ಕಟ್ಟುತ್ತಿದ್ದ, ಅಮ್ಮ ಅಕ್ಕಿ ಆರಿಸುವಾಗ ಮೊರದ ಹತ್ತಿರ ಬರುತ್ತಿದ್ದ ಅದೇ ಹಕ್ಕಿ. ನಮ್ಮ ಬೀದಿಯಲ್ಲಿ ಅದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಹಿಮ ಬೀಳುವ ಊರಿನಲ್ಲಿ ಅದು ಆರಾಮಾಗಿ ಇತ್ತು.

ಮೊಬೈಲ್ ಟವರ್ ಬಂದು ಗುಬ್ಬಿ ಹೋಯಿತು ಅಂತ ನಾವು ಊರೆಲ್ಲ ಹೇಳಿಕೊಂಡು ತಿರುಗಿದ್ದೆವು ಅಲ್ವಾ? ಟವರ್ ಮಾಲ್ಮೋದಲ್ಲೂ ಇದೆ. ಆ ರಾತ್ರಿ ನಿದ್ದೆ ಬಾರದೆ ನಾನು ಕಟ್ಟಿದ ಮನೆಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಹೆಂಚು ತೆಗೆದು ಆರ್‌ಸಿಸಿ ಹಾಕಿದೆ. ಗೋಡೆ ಮತ್ತು ಸೂರಿನ ನಡುವಿನ ಸಂದು ಹೋಯಿತು. ಜಾಲಂಧ್ರ ಮುಚ್ಚಿದೆ. ಪುಟ್ಟಿ ಹಚ್ಚಿ ಗೋಡೆಯನ್ನು ಕೆನ್ನೆಯ ಹಾಗೆ ನುಣ್ಣಗೆ ಮಾಡಿದೆ. ಅಂಗಳಕ್ಕೆ ಸಿಮೆಂಟ್ ಹಾಕಿದೆ. ಗುಬ್ಬಿ ದೊಡ್ಡದಾದ ಮೇಲೆ ಕಾಳು ತಿನ್ನುತ್ತದೆ, ಆದರೆ ಮರಿಗೆ ಮೊದಲ ದಿನಗಳಲ್ಲಿ ಹುಳವೇ ಬೇಕು. ಹುಳ ಬರಲು ಎಲೆ ಬೇಕು. ಎಲೆಗೆ ಮಣ್ಣು ಬೇಕು. ಗೂಡಿಗೆ ಸಂದೂ ಇಲ್ಲ, ಮರಿಗೆ ಹುಳವೂ ಇಲ್ಲ. ನಾನು ಗುಬ್ಬಿಯಾಗಿದ್ದರೂ ಊರು ಬಿಡುತ್ತಿದ್ದೆ.

ಚಳಿ ದೇಶದಲ್ಲಿ ಗೋಡೆಗೆ ಹಸಿರು ಹಬ್ಬಿಸುವುದು ನಾವಂದುಕೊಂಡಷ್ಟು ಸುಲಭವಲ್ಲ. ವಠಾರದ ಉಸ್ತುವಾರಿ ನೋಡುವವರೊಬ್ಬರ ಹತ್ತಿರ ಅಳಿಯನನ್ನು ನಡುವೆ ಇಟ್ಟುಕೊಂಡು ಗಂಟೆಗಟ್ಟಲೆ ಕೇಳಿದ್ದೇನೆ. ಆಮೇಲೆ ಓದಿದ್ದೇನೆ. ಗೋಡೆ ಹಸಿರಿನಲ್ಲಿ ಎರಡು ಜಾತಿ. ಒಂದು, ಗೋಡೆಗೆ ಚೌಕಟ್ಟು ಬಡಿದು, ಅದರಲ್ಲಿ ಸಣ್ಣ ಚೀಲ ಅಥವಾ ಪೆಟ್ಟಿಗೆ ಇಟ್ಟು, ಪೈಪಿನಲ್ಲಿ ನೀರು ಗೊಬ್ಬರ ಕೊಟ್ಟು ಬೆಳೆಸುವುದು. ಫ್ರೆಂಚ್ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂ ಪ್ಯಾರಿಸ್ಸಿನ ಕೇ ಬ್ರಾನ್ಲಿ ಮ್ಯೂಸಿಯಂ ಗೋಡೆಗೆ ಮಾಡಿದ್ದು ಇಂಥದ್ದು. ಆ ಮ್ಯೂಸಿಯಂ ತೆರೆದದ್ದು 2006ರಲ್ಲಿ. ಫೋಟೊದಲ್ಲಿ ನೋಡಿದರೆ ಕಣ್ಣು ತುಂಬುತ್ತದೆ. ಇನ್ನೊಂದು, ನೆಲದಲ್ಲಿ ಬಳ್ಳಿ ನೆಟ್ಟು ಮೇಲೆ ಹತ್ತಿಸುವುದು. ಅಷ್ಟೇನೂ ಚಂದ ಕಾಣದ, ಅಜ್ಜಿ ಕಾಲದ ವಿದ್ಯೆ.

ಚಳಿಗೆ ಮೊದಲು ಸೋಲುವುದು ಮೊದಲನೆಯದು. ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ. ಹಾಗಾಗಿ ಚಳಿಗಾಲಕ್ಕೆ ಮೊದಲು ನೀರೆಲ್ಲ ಖಾಲಿ ಮಾಡಬೇಕು. ಚೀಲದಲ್ಲಿರುವ ಮಣ್ಣು ಕೈಹಿಡಿಯಷ್ಟು. ಅದು ಸುತ್ತಲಿಂದಲೂ ಹೆಪ್ಪುಗಟ್ಟಿ ಬೇರು ಸಾಯುತ್ತದೆ. ನೆಲದಲ್ಲಿ ನೆಟ್ಟದ್ದಕ್ಕೆ ಈ ಕಷ್ಟ ಕಡಿಮೆ. ಮೇಲಿನ ಮಣ್ಣು ಹೆಪ್ಪುಗಟ್ಟಿದರೂ ಕೆಳಗೆ ಬೇರು ಬೆಚ್ಚಗಿರುತ್ತದೆ. ಬಿಸಿಲೂ ಅಲ್ಲಿ ಮೋಸ ಮಾಡುತ್ತದೆ. ಚಳಿಗಾಲದಲ್ಲಿ ದಕ್ಷಿಣದ ಗೋಡೆಗೆ ಬಿಸಿಲು ಬಿದ್ದರೆ ಎಲೆ ನೀರು ಬಿಡುತ್ತದೆ, ಆದರೆ ಮಣ್ಣು ಗಟ್ಟಿಯಾಗಿ ಬೇರಿಗೆ ನೀರು ಸಿಗುವುದಿಲ್ಲ. ಗಿಡ ಚಳಿಯಲ್ಲಿ ಬಾಯಾರಿ ಸಾಯುತ್ತದೆ! ಅದಕ್ಕೇ ದಕ್ಷಿಣದ ಗೋಡೆಗೆ ಎಲೆ ಉದುರಿಸುವ ವರ್ಜೀನಿಯಾ ಕ್ರೀಪರ್‌ನಂಥದ್ದು ಹಾಕುತ್ತಾರೆ. ಬೇಸಿಗೆಯಲ್ಲಿ ನೆರಳು, ಚಳಿಗಾಲದಲ್ಲಿ ಎಲೆ ಉದುರಿ ಗೋಡೆಗೆ ಬಿಸಿಲು. ಉತ್ತರದ ಗೋಡೆಗೆ ಐವಿ. ಅದರ ಎಲೆಗೂ ಗೋಡೆಗೂ ನಡುವೆ ಗಾಳಿ ನಿಂತು ಒಂದು ಕಂಬಳಿಯ ಹಾಗೆ ಕೆಲಸ ಮಾಡುತ್ತದೆ. ಆ ಕಂಬಳಿಯೊಳಗೇ ಗುಬ್ಬಿಗಳು ಮಲಗಿದ್ದದ್ದು.

ಐವಿಯ ದಿನಚರಿಯೇ ಒಂದು ಆಶ್ಚರ್ಯ. ಬೇರೆಲ್ಲ ಗಿಡ ಹೂ ಮುಗಿಸಿದ ಮೇಲೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಅದು ಹೂ ಬಿಡುತ್ತದೆ. ಚಳಿಗೆ ಮುಂಚೆ ಜೇನಿಗೆ ಸಿಗುವ ಕೊನೆಯ ಊಟ ಅದು. ಹಣ್ಣು ಮಾಗುವುದು ಚಳಿಗಾಲದ ಕೊನೆಯಲ್ಲಿ, ಹಕ್ಕಿಗಳಿಗೆ ಬೇರೇನೂ ಸಿಗದಾಗ. ಮಾರ್ಚ್‌ನಲ್ಲಿ ಒಂದು ದಿನ ಚುರುಕು ಬಿಸಿಲು ಬಂತು. ಬಳ್ಳಿಯಿಂದ ಒಂದು ಹಳದಿ ಚಿಟ್ಟೆ ಎದ್ದು ಹಾರಿತು. ಸುತ್ತ ಇನ್ನೂ ಒಂದು ಚಿಗುರಿಲ್ಲ. ಬ್ರಿಮ್‌ಸ್ಟೋನ್ ಅಂತ ಅದರ ಹೆಸರು. ಮೊಟ್ಟೆಯೂ ಅಲ್ಲ, ಹುಳುವೂ ಅಲ್ಲ, ಪೂರಾ ಚಿಟ್ಟೆಯಾಗಿಯೇ ಇಂಥ ಎಲೆಗಳ ಮರೆಯಲ್ಲಿ ಚಳಿಗಾಲವಿಡೀ ಅಲ್ಲಾಡದೆ ಕೂತಿರುತ್ತದಂತೆ. ಚಳಿಗಾಲಕ್ಕೆ ಮುಂಚೆ ಯಾರಾದರೂ ಗೋಡೆ ಚೊಕ್ಕಟ ಮಾಡುತ್ತೇನೆ ಅಂತ ಬಳ್ಳಿ ಕಿತ್ತಿದ್ದರೆ ಅದರ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಇದೆಲ್ಲ ಅಲ್ಲಿನ ಜನ ಒಳ್ಳೆಯವರು ಅಂತ ಆದದ್ದಲ್ಲ. ನಿಯಮ ಇತ್ತು. 2001ರಲ್ಲಿ ಮಾಲ್ಮೋದ ಹಳೇ ಬಂದರಿನ ಜಾಗದಲ್ಲಿ ಹೊಸ ಬಡಾವಣೆ ಕಟ್ಟಿದರು. ಬಿಲ್ಡರ್‌ಗಳ ಕೈಗೆ 35 ಅಂಶಗಳ ಒಂದು ಪಟ್ಟಿ ಕೊಟ್ಟು, ಇದರಲ್ಲಿ ನಿಮಗೆ ಬೇಕಾದ 10 ಆರಿಸಿಕೊಂಡು ಮಾಡಿ ಅಂದರು. ಪ್ರತಿ ಮನೆಗೆ ಒಂದು ಹಕ್ಕಿಗೂಡು ಪೆಟ್ಟಿಗೆ. ಬಾವಲಿಗೆ ಪೆಟ್ಟಿಗೆ. ಆದ ಕಡೆಯೆಲ್ಲ ಗೋಡೆಗೆ ಬಳ್ಳಿ. ಅಂಗಳದಲ್ಲಿ ತರಕಾರಿ ಬೆಳೆಯುವಷ್ಟು ಆಳದ ಮಣ್ಣು. ಆ ದೇಶದ ಕಾಡುಹೂಗಳು ಐವತ್ತು ಬಗೆ. ಇಂಥವು. ಆರಿಸಿಕೊಳ್ಳುವ ಸ್ವಾತಂತ್ರ್ಯ ಬಿಲ್ಡರ್‌ಗೆ, ಬಿಡುವ ಸ್ವಾತಂತ್ರ್ಯ ಇಲ್ಲ. ಗುತ್ತಿಗೆದಾರನಾಗಿ ಹೇಳುತ್ತೇನೆ, ಇದು ಬಹಳ ಚತುರ ಉಪಾಯ. ಒಂದೇ ನಿಯಮ ಎಲ್ಲರ ತಲೆಗೆ ಕಟ್ಟಿದರೆ ನಾವು ಅದರಲ್ಲಿ ತೂತು ಹುಡುಕುತ್ತೇವೆ. ಆರಿಸಿಕೋ ಅಂದರೆ ಕೂತು ಆರಿಸುತ್ತೇವೆ.

ಬರ್ಲಿನ್ನಿನವರು ಇನ್ನೂ ಹಳಬರು. 1983ರಿಂದ 1996ರವರೆಗೆ ಅಂಗಳ, ಗೋಡೆ, ಮಾಳಿಗೆ ಹಸಿರು ಮಾಡುವವರಿಗೆ ನಗರಾಡಳಿತವೇ ಸಹಾಯಧನ ಕೊಟ್ಟಿತು. 1994ರಲ್ಲಿ ಅಂಕ ಕೊಡುವ ಪದ್ಧತಿ ತಂದಿತು. ಪೂರ್ತಿ ಮುಚ್ಚಿದ ಕಾಂಕ್ರೀಟಿಗೆ ಸೊನ್ನೆ. ನೆಲದ ಜೊತೆ ಸಂಬಂಧ ಇರುವ, ಗಿಡ ಬೆಳೆದ ಮಣ್ಣಿಗೆ ಪೂರ್ತಿ 1. ಬಳ್ಳಿ ಹಬ್ಬಿದ ಗೋಡೆಗೆ 10 ಮೀಟರ್ ಎತ್ತರದವರೆಗೆ 0.5. ಪ್ರತಿ ಭಾಗದ ವಿಸ್ತೀರ್ಣವನ್ನು ಅದರ ಅಂಕದಿಂದ ಗುಣಿಸಿ, ಎಲ್ಲ ಕೂಡಿಸಿ, ನಿವೇಶನದ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಹೊಸ ವಾಸದ ಕಟ್ಟಡಕ್ಕೆ 0.6 ಬರಬೇಕು, ಅಂಗಡಿ ಮಳಿಗೆಗೆ 0.3 ಸಾಕು. ನಿಮ್ಮ ಇಂಜಿನಿಯರ್ ಒಂದು ಕಾಗದದ ಮೇಲೆ ಐದು ನಿಮಿಷದಲ್ಲಿ ಮಾಡುವ ಲೆಕ್ಕ.

ಈಗ ಗಾಜಿನ ವಿಷಯ. ಚಳಿ ದೇಶದವರು ಕಟ್ಟಡಕ್ಕೆ ಗಾಜು ಹಾಕಿದ್ದಕ್ಕೆ ಒಂದು ಕಾರಣವಾದರೂ ಇತ್ತು. ಬೆಳಕು ಕಡಿಮೆ, ಬಿಸಿಲು ಒಳಗೆ ಬರಬೇಕು. ನಾವು ಅದನ್ನು ಇಲ್ಲಿಗೆ ತಂದು, ಒಳಗೆ ಬೆಂದು, ಎಸಿ ಹಾಕಿಸಿಕೊಂಡೆವು. ಚಿಕ್ಕಮಗಳೂರಿನಲ್ಲಿ ಎಸಿ! ನಮ್ಮ ಅಜ್ಜಂದಿರು ಕೇಳಿದರೆ ನಗುತ್ತಿದ್ದರು. ಇತ್ತ ಕೆನಡಾದ ಟೊರಾಂಟೊ ನಗರ 2010ರಿಂದ ಹೊಸ ದೊಡ್ಡ ಕಟ್ಟಡಗಳ ಕೆಳ ಮಹಡಿಗಳ ಗಾಜಿಗೆ ಹಕ್ಕಿಯ ಕಣ್ಣಿಗೆ ಕಾಣುವ ಚುಕ್ಕಿ, ಗೆರೆ ಇರಬೇಕು ಅಂತ ನಿಯಮ ಮಾಡಿಕೊಂಡಿದೆ. ನನ್ನ ನವರಂಗ ಸತ್ತದ್ದು ಎರಡನೇ ಮಹಡಿಯ ಗಾಜಿಗೆ. ಎಸಿಪಿ ಶೀಟಿನ ಬಗ್ಗೆ ಒಂದೇ ಮಾತು: ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರಲ್ಲಿ 72 ಜನ ಸತ್ತ ಬೆಂಕಿ ಕಟ್ಟಡದ ಮೈಮೇಲೆ ಹರಡಿದ್ದು ನಡುವೆ ಪ್ಲಾಸ್ಟಿಕ್ ಇರುವ ಇಂಥ ಶೀಟಿನಿಂದಲೇ. ಅದನ್ನು ನೀವು ಬೇರೆಯಾಗಿ ವಿಚಾರಿಸಬೇಕು.

ಊರಿಗೆ ವಾಪಸ್ ಬಂದವನು ಮೊದಲು ಮಾಡಿದ್ದು, ನನ್ನ ಮನೆಯ ಪಶ್ಚಿಮದ ಬದಿಯ ಕಾಂಕ್ರೀಟ್ ಒಡೆಸಿದ್ದು. ನಾನೇ ಹಾಕಿಸಿದ್ದು, ಚೆನ್ನಾಗಿಯೇ ಹಾಕಿಸಿದ್ದೆ, ಬ್ರೇಕರ್ ತಂದವರು ಎರಡು ದಿನ ಬೈದುಕೊಂಡರು. ಗೋಡೆಯ ಪಕ್ಕದ ಒಂದಡಿ ಕಾಂಕ್ರೀಟ್ ಪಟ್ಟಿ, ನಾವು ಪ್ಲಿಂತ್ ಪ್ರೊಟೆಕ್ಷನ್ ಅನ್ನುವುದು, ಹಾಗೇ ಬಿಟ್ಟೆ. ಅದಿಲ್ಲದಿದ್ದರೆ ನಮ್ಮ ಮಳೆಗೆ ಪಾಯಕ್ಕೆ ನೀರು ಇಳಿಯುತ್ತದೆ. ಅದರಾಚೆ ಒಂದೂವರೆ ಅಡಿ ಮಣ್ಣು. ಗೋಡೆಯಿಂದ ನಾಲ್ಕು ಇಂಚು ದೂರಕ್ಕೆ ಬ್ರಾಕೆಟ್ ಕೊಟ್ಟು ಜಿಐ ತಂತಿ ಎಳೆಸಿದೆ. ಬಳ್ಳಿ ಗೋಡೆ ಮುಟ್ಟುವುದಿಲ್ಲ, ತಂತಿ ಹಿಡಿದು ಹೋಗುತ್ತದೆ. ನಡುವೆ ಗಾಳಿ ಆಡುತ್ತದೆ. ಇದರ ಖರ್ಚು ಅದೇ ಗೋಡೆಗೆ ಎಸಿಪಿ ಹಾಕಿದರೆ ಆಗುವುದರ ಕಾಲು ಭಾಗವೂ ಇಲ್ಲ.

ಮಲೆನಾಡಿನವರಿಗೆ ಗೋಡೆಗೆ ಹೊದಿಕೆ ಹೊಸದೇ? ಮಳೆಗಾಲಕ್ಕೆ ಮೊದಲು ಮಣ್ಣಿನ ಗೋಡೆಗೆ ಎರಚಲು ಹೊಡೆಯದ ಹಾಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಬಳ್ಳಿಯ ಎಲೆಗಳು ಮಾಡುವುದೂ ಅದನ್ನೇ, ಹೆಂಚಿನ ಹಾಗೆ ಒಂದರ ಮೇಲೊಂದು ಕೂತು ನೀರನ್ನು ಜಾರಿಸುತ್ತವೆ. ಇನ್ನು ಬಳ್ಳಿ ಹತ್ತಿಸುವ ವಿದ್ಯೆಯನ್ನು ನಮಗೆ ಸ್ವೀಡನ್ನಿನವರು ಹೇಳಿಕೊಡಬೇಕೇ? ಸಿಲ್ವರ್ ಮರಕ್ಕೆ ಮೂವತ್ತು ನಲವತ್ತು ಅಡಿ ಎತ್ತರಕ್ಕೆ ಮೆಣಸು ಹಬ್ಬಿಸಿ, ಏಣಿ ಹಾಕಿ ಕೊಯ್ಯುವ ಜನ ನಾವು.

ನಾನು ನೆಟ್ಟದ್ದು ಜಾಜಿ, ಶಂಖಪುಷ್ಪ, ಒಂದು ಕಡೆ ಮನೆಯವರ ಹಟಕ್ಕೆ ಸೀಮೆಬದನೆ. ಮತ್ತೆ ಎರಡು ಬುಡ ಈಶ್ವರಬಳ್ಳಿ. ಮೊದಲ ವರ್ಷ ಏನೂ ಇಲ್ಲ. ನೆರೆಯವರು ಸುಮ್ನೆ ತಂತಿ ನೋಡಿ ಬಟ್ಟೆ ಒಣಗಿಸಲು ಅಂದುಕೊಂಡರು. ಎರಡನೇ ವರ್ಷ ಫೆಬ್ರವರಿಯಲ್ಲಿ ಜಾಜಿಯ ಗೊಂಚಲಲ್ಲಿ ಕೆಮ್ಮೀಸೆ ಪಿಕಳಾರ ಗೂಡು ಕಟ್ಟಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಬಚ್ಚಲುಮನೆ ಕಿಟಕಿಯ ಪಕ್ಕ. ಮೂರು ವಾರ ಆ ಕಿಟಕಿ ತೆರೆಯಬಾರದು ಅಂತ ಮನೆಯಲ್ಲಿ ಕಾನೂನಾಯಿತು. ಸೂರಕ್ಕಿ ದಿನಾ ಬರುತ್ತದೆ. ಆಮೇಲೆ ಈಶ್ವರಬಳ್ಳಿಯ ಎಲೆ ಮೇಲೆ ಹುಳ ಕಂಡವು. ಕರಿ ಮೈ, ನಡುವೆ ಒಂದು ಬಿಳಿ ಪಟ್ಟಿ, ಮೈತುಂಬ ಕೆಂಪು ಗುಬುಟು. ಔಷಧಿ ಹೊಡೆಯೋಣ ಅಂದೆ. ಮೊಮ್ಮಗಳಿಗೆ ವಿಡಿಯೊದಲ್ಲಿ ತೋರಿಸಿದ್ದೆ, ಅವಳು ಅತ್ತಳು. ಬಿಟ್ಟೆ. ಎರಡೇ ವಾರದಲ್ಲಿ ಬಳ್ಳಿ ಬರೀ ದಾರವಾಯಿತು. ಆದರೆ ಸಜ್ಜದ ಅಡಿಯಲ್ಲಿ ನೇತುಬಿದ್ದ ಕೋಶಗಳಿಂದ ಕೆಂಪು ಹೊಟ್ಟೆಯ ಕರಿ ಚಿಟ್ಟೆಗಳು ಹೊರಟವು. ಕಾಮನ್ ರೋಸ್ ಅಂತ ಗೊತ್ತಿದ್ದವರು ಹೇಳಿದರು. ಕರ್ನಾಟಕದ 'ರಾಜ್ಯ ಚಿಟ್ಟೆ' ಅನ್ನಿಸಿಕೊಂಡ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದೂ ಈ ಕುಲದ ಬಳ್ಳಿಗಳ ಮೇಲೆಯೇ. ಅದು ನನ್ನ ಗೋಡೆಗೆ ಒಮ್ಮೆ ಬಂದು ಹಾಗೇ ಹಾರಿಹೋಗಿದೆ. ಕಾಯುತ್ತಿದ್ದೇನೆ. ಒಂದು ಎಚ್ಚರಿಕೆ: ಈಶ್ವರಬಳ್ಳಿ ಮನುಷ್ಯರ ಮೂತ್ರಪಿಂಡಕ್ಕೆ ವಿಷ. ನಾಟಿ ಔಷಧಿ ಅಂತ ಯಾರೂ ಬಾಯಿಗೆ ಹಾಕಬೇಡಿ.

ನಕಲು ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ. ಐವಿ ತರಬೇಡಿ, ಅದು ಅವರ ಹಕ್ಕಿಗೆ, ಅವರ ಚಳಿಗೆ ಹೊಂದಿದ ಬಳ್ಳಿ. ನಮ್ಮ ಸಹ್ಯಾದ್ರಿಯದೇ ಆದ ಥನ್‌ಬರ್ಜಿಯಾ ಮೈಸೊರೆನ್ಸಿಸ್ ಇದೆ. ಕೆಂಪು ಹಳದಿ ಹೂವಿನ ಮಾಲೆ ಎರಡು ಮೂರು ಅಡಿ ಇಳಿಬೀಳುತ್ತದೆ, ಸೂರಕ್ಕಿಗೆ ಪ್ರಾಣ. ಹೆಸರಲ್ಲೇ ಮೈಸೂರು ಇದೆ. ಚಳಿ ದೇಶದವರು ಅದನ್ನು ಗಾಜಿನ ಮನೆಯೊಳಗೆ ಬೆಚ್ಚಗೆ ಇಟ್ಟು ಸಾಕುತ್ತಾರೆ. ನಮ್ಮ ನರ್ಸರಿಗಳಲ್ಲಿ ಕೇಳಿದರೆ ಕರ್ಟನ್ ಕ್ರೀಪರ್ ತಂದು ಕೊಡುತ್ತಾರೆ. ಪರದೆಯ ಹಾಗೆ ಇಳಿಯುತ್ತದೆ, ಚೆನ್ನಾಗೂ ಕಾಣುತ್ತದೆ, ಆದರೆ ನಾನು ನೋಡಿದ ಮಟ್ಟಿಗೆ ಅದರಲ್ಲಿ ಒಂದು ಹುಳವೂ ಕೂರುವುದಿಲ್ಲ. ಉಳಿದ ಗಿಡಗಳನ್ನೇ ಹೊದ್ದು ಮುಚ್ಚುವ ಮಿಕಾನಿಯಾ ಬಳ್ಳಿಯನ್ನಂತೂ ಹತ್ತಿರ ಬಿಡಬೇಡಿ. ತೋಟದವರನ್ನು ಕೇಳಿ, ಅವರೇ ಅದರ ಕಥೆ ಹೇಳುತ್ತಾರೆ.

ಚೀಲ ಪೆಟ್ಟಿಗೆಯ ಗೋಡೆತೋಟವೂ ಬೇಡ. ಟೆಂಡರ್ ಕರೆದರೆ ಮೊದಲು ಬರುವುದು ಅದೇ, ಗೊತ್ತು. ಉದ್ಘಾಟನೆಯ ದಿನ ಹಸಿರಾಗಿರುತ್ತದೆ. ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ಮಕ್ಕಳ ಕೇಂದ್ರವೊಂದರ ಗೋಡೆಗೆ ಬಹಳ ದುಡ್ಡು ಸುರಿದು ಮಾಡಿದ್ದು 2009ರ ಹೊತ್ತಿಗೆ ಪೂರ್ತಿ ಒಣಗಿಹೋಗಿತ್ತು. ಬೆಂಗಳೂರಿನ ಮೇಲ್ಸೇತುವೆ ಕಂಬಗಳಿಗೆ ಕಟ್ಟಿದ ಪ್ಲಾಸ್ಟಿಕ್ ಕುಂಡಗಳ ಗತಿ ನೀವೂ ನೋಡಿದ್ದೀರಿ. ದಿನಾ ಪಂಪು, ದಿನಾ ನೀರು. ಹಿರೇಕೊಳಲೆ ಕೆರೆಯ, ಯಗಚಿಯ ನೀರನ್ನು ಏಪ್ರಿಲ್‌ನಲ್ಲಿ ಗೋಡೆಗೆ ಕುಡಿಸಿದರೆ ಜನ ಸುಮ್ಮನಿರುತ್ತಾರಾ? ನೆಲದ ಬಳ್ಳಿಗೆ ಮೊದಲ ಎರಡು ಬೇಸಿಗೆ ಬಕೆಟ್ ನೀರು ಕೊಟ್ಟರೆ ಆಯಿತು.

ಸೊಳ್ಳೆ ಬರುತ್ತದೆ ಅನ್ನುವವರಿದ್ದಾರೆ. 2024ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಡೆಂಗಿ ಎಷ್ಟು ಕಾಡಿತು ಅಂತ ನನಗೂ ಗೊತ್ತು. ಆ ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಿನಲ್ಲಿ. ಕುಂಡದ ತಟ್ಟೆ, ಟೈರು, ಮಾಳಿಗೆಯ ಮೇಲಿನ ಮುಚ್ಚದ ಸಿಂಟೆಕ್ಸ್. ಎಲೆಯ ಮೇಲಲ್ಲ. ಮಣ್ಣು ನೀರು ಕುಡಿಯುತ್ತದೆ, ಕಾಂಕ್ರೀಟಿನ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಹಾವಿನ ಭಯ ಸುಳ್ಳಲ್ಲ. ಬುಡದಿಂದ ಎರಡು ಅಡಿ ಎಲೆ ತೆಗೆದು ಕಾಂಡ ಮಾತ್ರ ಬಿಡಿ, ಕಿಟಕಿಯ ಸುತ್ತ ಕತ್ತರಿಸಿ, ಕಟ್ಟಿಗೆ ರಾಶಿ ಹಾಕಬೇಡಿ. ನಾನು ಹಾಗೇ ಮಾಡಿದ್ದೇನೆ. ಆರು ವರ್ಷದಲ್ಲಿ ಒಂದು ಕೇರೆಹಾವು ಬಂದಿದೆ, ಅದು ಕಾಂಪೌಂಡಿನ ಆಚೆಯ ಖಾಲಿ ಸೈಟಿನಿಂದ ಬಂದದ್ದು ಅಂತ ಮನೆಯವರ ಹತ್ತಿರ ವಾದ ಮಾಡಿ ಗೆದ್ದಿದ್ದೇನೆ. ಗೋಡೆ ಬಿರುಕು ಬಿಡಿಸುವುದು ಅರಳಿ, ಆಲದ ಸಸಿ. ಅದನ್ನು ಕಂಡ ಕೂಡಲೇ ಕೀಳಬೇಕು. ತಂತಿ ಹಿಡಿದ ಜಾಜಿ ಗೋಡೆಗೆ ಏನೂ ಮಾಡುವುದಿಲ್ಲ. ಪ್ಲಾಸ್ಟರ್ ಮೊದಲೇ ಬಿಟ್ಟ, ತೇವ ಕುಡಿದ ಹಳೇ ಗೋಡೆಗೆ ಮಾತ್ರ ಹಬ್ಬಿಸಬೇಡಿ. ಮೊದಲು ರಿಪೇರಿ, ಆಮೇಲೆ ಬಳ್ಳಿ.

ಹಾಗಾದರೆ ನೀವೇನು ಮಾಡಬೇಕು? ಮಣ್ಣಿನ ಷರತ್ತು ಎಲ್ಲ ಹೊಸ ಕಟ್ಟಡಕ್ಕೂ ಇರಲಿ. ಸೆಟ್‌ಬ್ಯಾಕೇ ಇಲ್ಲದ ಪೇಟೆಯ ಸಣ್ಣ ನಿವೇಶನಕ್ಕೆ ಎರಡು ಅಡಿ ಚೌಕದ ಒಂದು ಗುಂಡಿ ಸಾಕು. ಮೂರು ಮಹಡಿ ದಾಟಿದ ಕಟ್ಟಡ, ಲಾಡ್ಜು, ಹೋಂಸ್ಟೇಗಳಿಗೆ ಮಾಲ್ಮೋದ ಹಾಗೆ ನಮ್ಮದೇ ಒಂದು ಪಟ್ಟಿ ಮಾಡಿ, ಹದಿನೈದು ಬರೆದು ಐದು ಆರಿಸಲಿ. ಗುಬ್ಬಿ ಇಟ್ಟಿಗೆ ಅದರಲ್ಲಿ ಇರಲೇಬೇಕು. ಇಂಗ್ಲೆಂಡಿನ ಬ್ರೈಟನ್ ನಗರ 2020ರಿಂದ 5 ಮೀಟರಿಗಿಂತ ಎತ್ತರದ ಹೊಸ ಕಟ್ಟಡಗಳಲ್ಲಿ ಸ್ವಿಫ್ಟ್ ಹಕ್ಕಿಗೆ ಟೊಳ್ಳು ಇಟ್ಟಿಗೆ ಕೇಳುತ್ತದೆ. ನಮ್ಮ ಹಾಲೋ ಬ್ಲಾಕ್ ಒಳಗೆ ಹೇಗೂ ಟೊಳ್ಳು. ಸೂರಿನ ಹತ್ತಿರದ ಒಂದು ಬ್ಲಾಕಿಗೆ 32 ಮಿಲಿಮೀಟರ್ ತೂತು ಕೊರೆದರೆ ಗುಬ್ಬಿಗೆ ಬಾಗಿಲಾಯಿತು. ಡ್ರಿಲ್ ಹಿಡಿದವನಿಗೆ ಎರಡು ನಿಮಿಷದ ಕೆಲಸ.

ಜೇನಿನ ಮಾತು ಬಿಟ್ಟರೆ ತೋಟದವರು ನನ್ನನ್ನು ಕ್ಷಮಿಸುವುದಿಲ್ಲ. ರೋಬಸ್ಟಾ ಕಾಫಿ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಗಾಳಿಯೋ ಜೇನೋ ಇನ್ನೊಂದು ಗಿಡದಿಂದ ತರಬೇಕು. ಹೂಮಳೆ ಬಿದ್ದ ಮೇಲೆ ಕಾಫಿ ಹೂ ನಿಲ್ಲುವುದು ಎರಡು ಮೂರು ದಿನ. ಉಳಿದ ದಿನ ತುಡುವೆ, ಮುಜಂಟಿ ಏನು ತಿನ್ನಬೇಕು? ನಮ್ಮ ಊರು ಮುಗಿಯುವಲ್ಲೇ ತೋಟ ಶುರು. ಊರ ಗೋಡೆಗಳ ಹೂವು ತೋಟದ ಜೇನಿಗೂ ಊಟವೇ.

ಮೊದಲು ನಿಮ್ಮ ಕಚೇರಿಯ ಪಶ್ಚಿಮದ ಗೋಡೆಯಿಂದಲೇ ಶುರು ಮಾಡಿ. ಮಧ್ಯಾಹ್ನ ಮೂರರ ಮೇಲೆ ಒಳಗೆ ಕೂತ ಗುಮಾಸ್ತರು ನನ್ನನ್ನು ಬೆಂಬಲಿಸುತ್ತಾರೆ, ಬೇಕಾದರೆ ಕೇಳಿ ನೋಡಿ. ತಂತಿ ಎಳೆಯುವ ಕೆಲಸವನ್ನು ನಾನೇ ನಿಂತು ಮಾಡಿಸಿಕೊಡುತ್ತೇನೆ. ಕೂಲಿ, ಸಾಮಾನಿನ ದುಡ್ಡು ಕೊಟ್ಟರೆ ಆಯಿತು, ನನಗೆ ಬಿಲ್ ಬೇಡ. ಆಮೇಲೆ ಒಂದೊಂದಾಗಿ ಶಾಲೆಗಳು. ನಾನು ಗಾಜು ಹಾಕಿದ ಆ ಕಟ್ಟಡದ ಮಾಲೀಕರ ಹತ್ತಿರವೂ ಮಾತಾಡಿದ್ದೇನೆ. ಮಾವಿನಮರದ ಎದುರಿನ ಗಾಜಿಗೆ ಎರಡೆರಡು ಇಂಚಿಗೆ ಒಂದು ಚುಕ್ಕಿ ಅಂಟಿಸಲು ಒಪ್ಪಿದ್ದಾರೆ. ಎಲಿವೇಷನ್ ಹಾಳಾಗುತ್ತೆ ಅಂತ ಸ್ವಲ್ಪ ಬೇಜಾರು ಮಾಡಿಕೊಂಡೇ ಒಪ್ಪಿದರು. ಈ ವರ್ಷದ ನವರಂಗಗಳು ಈಗಾಗಲೇ ಬಂದಾಗಿದೆ, ಸಂಜೆ ಹೊತ್ತು ಕೂಗು ಕೇಳುತ್ತಿದೆ. ಹಾಗಾಗಿ ಆ ಕೆಲಸಕ್ಕೆ ಅವಸರ ಮಾಡುತ್ತಿದ್ದೇನೆ.

ನನ್ನ ಮನೆಯ ಗೋಡೆ ನೋಡಲು ನೀವೆಲ್ಲ ಬರಬೇಕು. ಆದರೆ ಈ ವಾರ ಬೇಡ. ಈಶ್ವರಬಳ್ಳಿಯಲ್ಲಿ ಒಂದು ಎಲೆಯೂ ಇಲ್ಲ, ಎಲ್ಲ ಹುಳ ತಿಂದು ಮುಗಿಸಿವೆ. ಸಜ್ಜದ ಅಡಿಯಲ್ಲಿ ಹನ್ನೊಂದು ಕೋಶ ಎಣಿಸಿದ್ದೇನೆ. ಒಂದು ಹದಿನೈದು ದಿನ ಬಿಟ್ಟು, ಬೆಳಿಗ್ಗೆ ಎಂಟರ ಒಳಗೆ ಬನ್ನಿ. ಕಾಫಿ ಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕಟ್ಟಡ ಗುತ್ತಿಗೆದಾರ
ಚಿಕ್ಕಮಗಳೂರು